ಮೊದಲು ಐದು ಕಡೆ, ಆಮೇಲೆ ಶಿಲುಬೆ

ಸ್ಟೆಲ್ಲಾ, ನೀನು ಹಾರೋಹಳ್ಳಿಯ ಕಾರ್ಖಾನೆಗೆ ಸೇರಿ ಮೂರು ವಾರವಾಯಿತು. ಔಷಧಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವುದು, ಒಳಗೆ ಕಸವಿಲ್ಲದಿದ್ದರೆ ಮುದ್ರೆ ಒತ್ತುವುದು ನಿನ್ನ ಕೆಲಸವಂತೆ. ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ: "ಅಜ್ಜಿ, ದಿನಾ ಪ್ರಾರ್ಥನೆ ಮಾಡ್ಕೊಂಡೇ ಹೋಗ್ತೀನಿ. ಆದ್ರೂ ಮುದ್ರೆ ಒತ್ತೋವಾಗ ಕೈ ನಡುಗುತ್ತೆ. ನಂಗೆ ವಿಶ್ವಾಸ ಕಮ್ಮಿ ಅನ್ಸುತ್ತೆ. ನಿಂಗೆ ಹೆಂಗಿತ್ತು?"

ನಾನು "ಊಟ ಆಯ್ತಾ ಮಗ?" ಎಂದು ಮಾತು ಮರೆಸಿದೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಎದುರಿಗೆ ಕೂತರೂ ಅಷ್ಟೇ ಎಂದು ನಿನ್ನ ಅಪ್ಪ ನಗುತ್ತಾನೆ. ಅದಕ್ಕೇ ಈ ನೋಟ್‌ಬುಕ್. ನೀನೂ ಓದು, ನಿನ್ನ ತಂಗಿಯೂ ಓದಲಿ. ಏಳನೇ ಕ್ಲಾಸು ಓದಿದವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಮೂವತ್ತು ವರ್ಷ ನಾನು ಮಾಡಿದ್ದೂ ಮುದ್ರೆ ಒತ್ತುವ ಕೆಲಸವೇ. ನಿನ್ನ ಮುದ್ರೆ ಬಾಟಲಿಗೆ, ನನ್ನದು ರೇಷ್ಮೆ ಹುಳದ ಮೊಟ್ಟೆಯ ಹಾಳೆಗೆ.

ಮಾಗಡಿಯ ಅಂಚಿನಲ್ಲಿ ಶಿವಣ್ಣ ಎಂಬುವರ ಮೊಟ್ಟೆ ಕೇಂದ್ರ ಇತ್ತು. ಬಿತ್ತನೆ ಗೂಡು ತಂದು, ಚಿಟ್ಟೆ ಹೊರಬರುವುದನ್ನು ಕಾದು, ಗಂಡು ಹೆಣ್ಣು ಜೋಡಿ ಮಾಡಿ, ಹೆಣ್ಣು ಚಿಟ್ಟೆಯನ್ನು ಹಾಳೆಯ ಮೇಲೆ ಕೂರಿಸಿ ಮೊಟ್ಟೆ ಇಡಿಸಿ ರೈತರಿಗೆ ಕೊಡುವುದು. ನಮ್ಮ ಯಜಮಾನರು, ಅಂದರೆ ನಿಮ್ಮ ತಾತ ಚೌರಪ್ಪನವರು, ಆ ಕೇಂದ್ರದ ಗೂಡಿನ ಟೆಂಪೋ ಓಡಿಸುತ್ತಿದ್ದರು. ಒಂದು ದಿನ ಬಂದು "ಹೆಂಗಸರು ಬೇಕಂತೆ, ಬತ್ತೀಯಾ?" ಎಂದರು. ದೊಡ್ಡಆಲಹಳ್ಳಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ನಾನು. ಪಕ್ಕದ ಮನೆಯವರ ಹತ್ತಿರ ಬೆಂಕಿಪೊಟ್ಟಣ ಕೇಳಲೂ ನಾಚಿಕೆ. "ಅಲ್ಲಿ ಮಾತಾಡ್ಬೇಕಾ?" ಎಂದೆ. "ಚಿಟ್ಟೆ ಜೊತೆ ಏನ್ ಮಾತಾಡ್ತೀಯಾ?" ಎಂದರು. ಒಪ್ಪಿಕೊಂಡೆ.

ಮೊದಲು ನನಗೆ ಕೊಟ್ಟಿದ್ದು ಜೋಡಿ ಬಿಡಿಸುವ ಕೆಲಸ. ಬೆಳಿಗ್ಗೆ ಜೋಡಿಯಾದ ಚಿಟ್ಟೆಗಳನ್ನು ಮೂರು ತಾಸಿನ ಮೇಲೆ ಮೆಲ್ಲಗೆ ತಿರುವಿ ಬೇರೆ ಮಾಡಬೇಕು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಮುಬೀನಾ ನನ್ನ ಮುಖ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದಳು. "ಅಯ್ಯೋ ಲೂರ್ದಕ್ಕ, ಕಣ್ಣು ಮುಚ್ಕೊಂಡು ಬಿಡಿಸ್ತಾವ್ಳೆ ನೋಡ್ರಮ್ಮ! ಅವ್ಕೇ ನಾಚ್ಕೆ ಇಲ್ಲ, ನಿಂಗ್ಯಾಕವ್ವ?" ಅವಳ ಬಾಯಿ ಮುಚ್ಚಿಸುವುದು ಯಾರಿಂದಲೂ ಆಗಲಿಲ್ಲ. ಇಂದಿಗೂ ಆಗಿಲ್ಲ.

ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದವರು ಸುಬ್ಬಣ್ಣನವರು. ಕೇಂದ್ರದ ಪರೀಕ್ಷೆಯೆಲ್ಲ ಅವರದು. ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್ಲು, ನಗು ಎನ್ನುವುದು ವರ್ಷಕ್ಕೊಮ್ಮೆ. "ಯಾರು ಕಮ್ಮಿ ಮಾತಾಡ್ತಾರೋ ಅವ್ರು ಜಾಸ್ತಿ ನೋಡ್ತಾರೆ. ಈಯಮ್ಮನ್ನ ಕೂರ್ಸಿ" ಎಂದು ಶಿವಣ್ಣನವರಿಗೆ ಹೇಳಿದರು. ನನ್ನ ನಾಚಿಕೆಯಿಂದ ನನಗೆ ಒಳ್ಳೆಯದಾಗಿದ್ದು ಅದೊಂದೇ ಸಲ.

ಕೆಲಸ ಇಷ್ಟೇ. ರೇಷ್ಮೆ ಹುಳಕ್ಕೆ ಗಂಟುರೋಗ ಎಂಬುದೊಂದಿದೆ. ತಾಯಿ ಚಿಟ್ಟೆಗೆ ಇದ್ದರೆ ಮೊಟ್ಟೆಗೂ ಬರುತ್ತದೆ, ಮೊಟ್ಟೆಯಿಂದ ಹುಳಕ್ಕೆ, ಒಂದು ಹುಳದಿಂದ ಇಡೀ ಮನೆಗೆ. ಮದ್ದಿಲ್ಲ. ಮೊಟ್ಟೆಯನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಮೊಟ್ಟೆ ಇಟ್ಟ ಚಿಟ್ಟೆಗಳನ್ನು ಪುಟ್ಟ ಒರಳಿನಲ್ಲಿ ಔಷಧಿ ನೀರು ಹಾಕಿ ಅರೆದು, ಒಂದು ಹನಿ ಗಾಜಿನ ಮೇಲೆ ಇಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ರೋಗವಿದ್ದರೆ ಅಕ್ಕಿ ಕಾಳಿನ ಆಕಾರದಲ್ಲಿ ಸಣ್ಣ ಸಣ್ಣ ಕಾಳು ಮಿನುಗುತ್ತವೆ. ಒಂದು ಕಂಡರೂ ಆ ಕಂತಿನ, ಅಂದರೆ ಒಟ್ಟಿಗೆ ಇಡಿಸಿದ ಆ ಗುಂಪಿನ, ಮೊಟ್ಟೆಯೆಲ್ಲ ಬೆಂಕಿಗೆ. ಕಾಣದಿದ್ದರೆ ಹಾಳೆಯ ಹಿಂದೆ "ರೋಗವಿಲ್ಲ" ಎಂಬ ಮುದ್ರೆ, ಕೆಳಗೆ ನನ್ನ ಸಹಿ.

ಸುಬ್ಬಣ್ಣನವರ ಕಟ್ಟಳೆ ಎರಡು. ಒಂದು ಗಾಜನ್ನು ಐದು ಕಡೆ ನೋಡಬೇಕು, ನಾಲ್ಕು ಮೂಲೆ, ಒಂದು ನಡು. ನೋಡಿದ ಗಾಜಿಗೆ ಕಂತಿನ ನಂಬರು ಬರೆದು ಹತ್ತು ದಿನ ತೊಳೆಯದೆ ಇಡಬೇಕು. "ಯಾಕೆ ಸಾರ್ ಇಡೋದು?" ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮುಬೀನಾ ಕೇಳಿದಳು. "ನಾವು ಮನುಷ್ಯರು ಕಣಮ್ಮ, ಅದಕ್ಕೆ" ಎಂದರು.

ಮೊದಲ ವಾರ ನಾನು ಮಾಡಿದ ಪ್ರಮಾದ ಕೇಳಿ. ಗಾಜಿನಲ್ಲಿ ಕಪ್ಪಗೆ, ಬಾಗಿದ ಒಂದು ಭಾರೀ ಪ್ರಾಣಿ ಕಂಡಿತು. ನಾನು ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ. ಸುಬ್ಬಣ್ಣನವರನ್ನು ಕೈಸನ್ನೆ ಮಾಡಿ ಕರೆದೆ. ಅವರು ಬಗ್ಗಿ ನೋಡಿದರು, ಏನೂ ಇಲ್ಲ. ನಾನು ನೋಡಿದರೆ ಇದೆ. ಅವರು ನೋಡಿದರೆ ಇಲ್ಲ. ಕೊನೆಗೆ ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಲೂರ್ದಮ್ಮ, ಅದು ನಿನ್ನ ರೆಪ್ಪೆ ಕೂದ್ಲು" ಎಂದರು. ಆ ವರ್ಷದ ನಗು ಅವರು ಅವತ್ತೇ ಖರ್ಚು ಮಾಡಿದರು.

ಇನ್ನೊಂದು ಕಷ್ಟ. ಕಂತು ಪಾಸಾದರೆ ಹಜಾರದ ಆ ಕಡೆಯಿದ್ದ ಶಿವಣ್ಣನವರಿಗೆ ಕೇಳುವಂತೆ "ಪಾಸು!" ಎಂದು ಕೂಗಿ ಹೇಳಬೇಕಿತ್ತು. ನನಗೆ ಗಂಟಲೇ ಏಳದು. ಅದಕ್ಕೆ ಒರಳಿನ ಗುಂಡಿನಿಂದ ಮೇಜಿಗೆ ಕುಟ್ಟುತ್ತಿದ್ದೆ. ಒಂದು ಏಟು ಪಾಸು, ಎರಡು ಏಟು ಸುಡಬೇಕು. ಇದೇ ಕೇಂದ್ರದ ಪದ್ಧತಿಯಾಗಿ ಉಳಿಯಿತು. ಆಮೇಲೆ ಒರಳು ಹೋಗಿ ಮಿಕ್ಸಿಯಂಥ ಯಂತ್ರ ಬಂತು, ಕನ್ನಡಿಯ ಬೆಳಕು ಹೋಗಿ ಬಲ್ಬು ಬಂತು, ಕೈಗೆ ಗ್ಲೌಸು ಬಂತು. ಕುಟ್ಟುವುದು ಮಾತ್ರ ನಾನು ನಿವೃತ್ತಳಾಗುವವರೆಗೂ ಹೋಗಲಿಲ್ಲ. ಆ ಒರಳು ಮತ್ತು ಗುಂಡನ್ನು ನನಗೇ ಕೊಟ್ಟು ಕಳಿಸಿದರು. ಈಗ ಈ ನೋಟ್‌ಬುಕ್ಕಿನ ಹಾಳೆ ಹಾರದಂತೆ ಅದೇ ಕೂತಿದೆ.

ನಾನು ಕೆಲಸದಲ್ಲಿ ಪಳಗಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ರೈತರು "ಆ ಕಿರಸ್ತಾನರ ಅಮ್ಮನ ಕೈಲಿ ಕೊಡ್ಸಿ" ಎನ್ನತೊಡಗಿದರು. ನನ್ನ ಕೈಗುಣ ಚೆನ್ನಾಗಿದೆಯಂತೆ. ನಾನು ಕೊಟ್ಟ ಹಾಳೆಯ ಹುಳ ರೋಗ ಬಂದು ಮಲಗುವುದಿಲ್ಲವಂತೆ, ಗೂಡು ಗಟ್ಟಿಯಂತೆ. ರೇಷ್ಮೆ ಮಾಡುವವರ ಕೈಗುಣದ ನಂಬಿಕೆ ನಿಮಗೆ ಗೊತ್ತಿಲ್ಲ. ಬೆಳೆ ಎದ್ದರೆ ಕೈಗುಣ, ಬಿದ್ದರೆ ಮನೆಯ ದೃಷ್ಟಿ.

ಇವರಲ್ಲಿ ಮುಂದಿದ್ದವರು ಕಲ್ಯದ ಕೆಂಪಮ್ಮ. ನನಗಿಂತ ಹತ್ತು ವರ್ಷ ದೊಡ್ಡವರು, ಎತ್ತರದ ಹೆಂಗಸು, ಗಂಡ ತೀರಿಹೋಗಿದ್ದರು. ಗಂಡ ನಾಟಿ ಮಾಡಿದ್ದ ಹಿಪ್ಪುನೇರಳೆ ಸೊಪ್ಪಿನ ತೋಟ, ಹುಳದ ಮನೆ ಎರಡನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಬಂದರೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ಕಣ್ಣಿಗೂ ಒತ್ತಿಕೊಂಡು, ಸೆರಗಿನ ಒಳಗೆ ಇಟ್ಟುಕೊಂಡು ಹೊರಡುವರು. ಹಿಂದಿನ ಮುದ್ರೆಯನ್ನು ಒಂದು ದಿನವೂ ತಿರುಗಿಸಿ ನೋಡಿದವರಲ್ಲ.

ನಿಮ್ಮ ತಾತ ತೀರಿಕೊಂಡು ನಾನು ಕೆಲಸಕ್ಕೆ ವಾಪಸು ಹೋದಾಗ ಹಾಳೆ ಕೊಡುವ ಕಿಟಕಿಯಿಂದ ದೂರ ಉಳಿದೆ. ಗಂಡ ಇಲ್ಲದವಳ ಕೈಯಿಂದ ಬಿತ್ತನೆ ಬೇಡ ಎಂದು ಒಬ್ಬಿಬ್ಬರು ಗುಸುಗುಸು ಎಂದಿದ್ದು ಕಿವಿಗೆ ಬಿದ್ದಿತ್ತು. ಅವತ್ತು ಕೆಂಪಮ್ಮ ಕಿಟಕಿಗೆ ಬಂದು, "ಎಲ್ಲವ್ಳೆ ನಮ್ ಲೂರ್ದಮ್ಮ? ಒಳ್ಗೆ ಯಾಕ್ ಬಚ್ಚಿಟ್ಕೊಂಡವ್ಳೆ?" ಎಂದು ಗದರಿದರು. ಯಾರೋ ಮೆಲ್ಲಗೆ ಕಾರಣ ಹೇಳಿದರು. "ಅಲ್ಲ ಕಣ್ರಯ್ಯಾ, ನಂಗೂ ಗಂಡ ಇಲ್ಲ. ದಿನಾ ಸೊಪ್ಪು ಹಾಕೋಳು ನಾನು. ಹುಳ ಏನ್ ಕೇಳ್ತಾವಾ, ನಿನ್ ಗಂಡ ಎಲ್ಲವ್ನೆ ಅಂತ?" ಎಂದರು. ಕ್ಯೂನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ನಾನು ಹೊರಗೆ ಬಂದು ಹಾಳೆ ಕೊಟ್ಟೆ. ಅವತ್ತಿನಿಂದ ಅವರು ನನಗೆ ಅಕ್ಕ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ ಸ್ಟೆಲ್ಲಾ.

ಮೊದಮೊದಲು ನನಗೂ ಕೈ ನಡುಗುತ್ತಿತ್ತು. ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು ಒಂದೇ: ವಿಶ್ವಾಸ ಇರುವವರು ಹೆದರಬಾರದು. ಹಾಗಾಗಿ ಪ್ರತಿ ಕಂತಿಗೂ ಮೊದಲು ಒರಳಿನ ಮೇಲೆ ಶಿಲುಬೆಯ ಗುರುತು ಹಾಕುವ ಅಭ್ಯಾಸ ಮಾಡಿಕೊಂಡೆ. ಹಾಕಿದ ಕೂಡಲೇ ನಡುಕ ನಿಲ್ಲುತ್ತಿತ್ತು. ಕಂತಿನ ಮೇಲೆ ಕಂತು ಪಾಸಾಯಿತು. ಸುಬ್ಬಣ್ಣನವರು ನಿವೃತ್ತರಾಗಿ ಹೋದರು. ರೈತರು ಕೈಗುಣ ಎಂದರು, ನಾನು ಮನಸ್ಸಿನಲ್ಲೇ "ಕೈಗುಣ ಅಲ್ಲ, ಶಿಲುಬೆ" ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ನಾಚಿಕೆಯವರಿಗೆ ಜಂಬ ಬಂದರೆ ಯಾರಿಗೂ ಕಾಣುವುದಿಲ್ಲ, ಅದೇ ಅಪಾಯ. ಶಿಲುಬೆ ಹಾಕಿದ ಮೇಲೆ ದೇವರು ನೋಡಿಕೊಳ್ಳುತ್ತಾನೆ ಎಂದು ಐದು ಕಡೆ ನೋಡುವುದು ನಾಲ್ಕಾಯಿತು, ಕೆಲಸ ಹೆಚ್ಚಿದ ದಿನ ಮೂರಾಯಿತು.

ಹದಿನೈದು ವರ್ಷದ ಹಿಂದಿನ ಮಾತು. ಮೊದಲ ಮಳೆ ಬಿದ್ದು ಸೊಪ್ಪು ಚಿಗುರಿ, ಎಲ್ಲರೂ ಒಟ್ಟಿಗೆ ಮೊಟ್ಟೆ ಕೇಳುವ ಕಾಲ. ಕಿಟಕಿಯಲ್ಲಿ ಜನವೋ ಜನ. ಸೋಮವಾರ ಒಂದು ಕಂತನ್ನು ಎರಡೇ ಕಡೆ ನೋಡಿದೆ. ಶಿಲುಬೆ ಹಾಕಿದ್ದೆನಲ್ಲ. ಒಂದು ಏಟು ಕುಟ್ಟಿದೆ. ಆ ಕಂತಿನ ಮೊದಲ ಹಾಳೆಗಳನ್ನು ಕೆಂಪಮ್ಮ ತೆಗೆದುಕೊಂಡರು. ಅವತ್ತು ಕಣ್ಣಿಗೆ ಒತ್ತಿಕೊಂಡ ಮೇಲೂ ಹೊರಡದೆ ನಿಂತರು.

"ಲೂರ್ದಮ್ಮ, ಹೋದ್ ಎರಡು ಬೆಳೆನೂ ಹೋಯ್ತು ಕಣವ್ವ. ಒಂದು ಬಿಸ್ಲಿಗೆ ಹೋಯ್ತು, ಒಂದು ಯಾಕ್ ಹೋಯ್ತೋ ಶಿವನೇ ಬಲ್ಲ. ನನ್ ಮಗ ರವಿ, ಈ ಮನೇಲಿ ಹುಳ ಏಳಲ್ಲ, ಸೊಪ್ಪಿನ್ ತೋಟ ಕಿತ್ತು ತೆಂಗು ಹಾಕ್ತೀನಿ ಅಂತಾವ್ನೆ. ಅವರಪ್ಪ ನೆಟ್ಟಿದ್ದು ಕಣೆ ಅದು. ಇದೊಂದು ಬೆಳೆ ನೋಡ್ಲಾ ಅಂದಿವ್ನಿ. ಇದು ಹೋದ್ರೆ ನಂಗೆ ಮಾತಿಲ್ಲ."

"ಏನೂ ಆಗಲ್ಲ ಅಕ್ಕ" ಎಂದೆ ನಾನು. ಜೀವನದಲ್ಲಿ ಅಷ್ಟು ಧೈರ್ಯವಾಗಿ ಬೇರೆ ಯಾವ ಮಾತನ್ನೂ ಆಡಿದ ನೆನಪಿಲ್ಲ.

ಶುಕ್ರವಾರ ಮಧ್ಯಾಹ್ನ ಕೆಲಸ ಕಡಿಮೆ. ಮುಬೀನಾ ಊಟದ ಡಬ್ಬಿ ತೊಳೆದುಕೊಂಡು ಬಂದು, "ಇಷ್ಟ್ ವರ್ಷ ಆಯ್ತು ಅಕ್ಕ, ಅದ್ರೊಳ್ಗೆ ಏನ್ ನೋಡ್ತೀಯೋ ನಂಗೂ ಒಸಿ ತೋರ್ಸು" ಎಂದಳು. ನನಗೂ ಹೆಮ್ಮೆ. ತಟ್ಟೆಯಲ್ಲಿ ಒಣಗಿಸಿಟ್ಟಿದ್ದ ಹಳೆಯ ಗಾಜುಗಳಲ್ಲಿ ಕೈಗೆ ಸಿಕ್ಕಿದ್ದೊಂದನ್ನು ತೆಗೆದು, ಒಂದು ತೊಟ್ಟು ನೀರು ಬಿಟ್ಟು, ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ.

ಅವಳು ಕಣ್ಣಿಟ್ಟು, ಗಾಜನ್ನು ಅತ್ತ ಇತ್ತ ಸರಿಸಿ, "ಅಯ್ಯ! ಎಷ್ಟು ಚೆಂದಾಗೈತೆ! ಪುಟ್ ಪುಟ್ ಅಕ್ಕಿ ಕಾಳು ಹಂಗೆ ಮಿಣಮಿಣ ಅಂತಾವೆ. ಮೂರು... ಇಲ್ಲ ನಾಕವೆ!" ಎಂದಳು.

ನಾನು ಅವಳನ್ನು ತಳ್ಳಿ ನೋಡಿದೆ. ಬಲಗಡೆಯ ಮೂಲೆ. ನಾಲ್ಕು ಕಾಳು. ಗಾಜಿನ ಅಂಚಿನಲ್ಲಿ ಸೋಮವಾರದ ಕಂತಿನ ನಂಬರು.

ನನ್ನ ಕೈ ತಾನಾಗಿ ಗುಂಡನ್ನು ಎತ್ತಿಕೊಂಡು ಎರಡು ಏಟು ಕುಟ್ಟಿತು. ಆ ಕಡೆಯಿಂದ ಶಿವಣ್ಣನವರು, "ಯಾವ್ದಮ್ಮ ಅದು? ಇವತ್ತು ಕಂತೇ ಇಲ್ವಲ್ಲ!" ಎಂದು ಕೂಗಿದರು.

ಅವರು ಕೆಟ್ಟವರಲ್ಲ. ಕೇಂದ್ರದಲ್ಲಿ ಉಳಿದಿದ್ದ ಆ ಕಂತಿನ ಹಾಳೆಗಳನ್ನು ಅರ್ಧ ಗಂಟೆಯೊಳಗೆ ಅವರೇ ಎದುರು ನಿಂತು ಸುಡಿಸಿದರು. ಹೊರಗೆ ಹೋಗಿದ್ದು ಕೆಂಪಮ್ಮನ ಹಾಳೆ ಮಾತ್ರ, ಮಿಕ್ಕವರು ಶನಿವಾರ ಬಂದು ಒಯ್ಯಬೇಕಿತ್ತು. "ಹೋಗಿದ್ದು ಹೋಯ್ತು ಬುಡು ಲೂರ್ದಮ್ಮ. ಎಲ್ಲಾ ಮೊಟ್ಟೆಗೂ ಇರ್ಬೇಕು ಅಂತೇನೈತೆ? ಆಯಮ್ಮನೇ ಹೇಳ್ತಾಳಲ್ಲ ನಿನ್ ಕೈಗುಣ ಅಂತ, ಏನೂ ಆಗಲ್ಲ. ಈಗ ಹೇಳಿದ್ರೆ ನಾಳೆಯಿಂದ ಯಾವ ರೈತನೂ ಈ ಕಿಟಕಿ ಹತ್ರ ಸುಳಿಯಲ್ಲ" ಎಂದರು.

ಏನೂ ಆಗಲ್ಲ. ನಾನು ಕೆಂಪಮ್ಮನಿಗೆ ಹೇಳಿದ್ದ ಮಾತೇ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಟೊಳ್ಳು ಎಂದು ತಿಳಿಯಿತು.

ಮೊಟ್ಟೆ ಒಡೆಯುವುದು ಸೋಮವಾರ ಬೆಳಿಗ್ಗೆ. ಹುಳ ಹೊರಬಂದು ಸೊಪ್ಪಿಗೆ ಬಾಯಿ ಹಾಕಿದರೆ ರೋಗ ಮನೆ ಹೊಕ್ಕಂತೆ. ಬೆಳೆ ಹೋಗುತ್ತದೆ, ರವಿ ತೋಟ ಕೀಳುತ್ತಾನೆ. ಅಷ್ಟರೊಳಗೆ ಹೇಳಬೇಕು. ಕೆಂಪಮ್ಮನಿಗೆ ಫೋನಿರಲಿಲ್ಲ. ರಿಜಿಸ್ಟರಿನಲ್ಲಿ ರವಿಯ ನಂಬರಿತ್ತು. ಶುಕ್ರವಾರ ಸಂಜೆ ಫೋನು ಮಾಡಿದೆ. "ಹಲೋ, ಯಾರು?" ಎಂದ. ಇಟ್ಟುಬಿಟ್ಟೆ. ಶನಿವಾರ ಬೆಳಿಗ್ಗೆ ಮಾಡಿದೆ. "ಹಲೋ! ಯಾರ್ರೀ?" ಇಟ್ಟುಬಿಟ್ಟೆ. ಮಧ್ಯಾಹ್ನ ಮೂರನೆಯ ಸಲ. "ಯಾವನ್ಲಾ ಅವ್ನು, ಫೋನ್ ಮಾಡಿ ಉಸ್ರು ಬುಡೋನು?" ಎಂದ. ಆಮೇಲೆ ಮಾಡಲಿಲ್ಲ.

ಶನಿವಾರ ಸಂಜೆ ಚರ್ಚಿನಲ್ಲಿ ಪಾಪನಿವೇದನೆ. ನಮ್ಮ ಫಾದರ್ ಆಗಿನ್ನೂ ಎಳೆಯರು, ನನ್ನ ಮಗನ ವಯಸ್ಸು. ಜಾಲರಿಯ ಈ ಕಡೆ ಮಂಡಿಯೂರಿ ಮುದ್ರೆಯ ವಿಷಯ, ಕಲ್ಯದ ಕೆಂಪಮ್ಮನ ವಿಷಯ ಹೇಳಿದೆ. ಅಲ್ಲಿ ಮುಖ ಕಾಣದ್ದರಿಂದ ನನಗೆ ಮಾತು ಬರುತ್ತದೆ. ಶಿಲುಬೆ ಹಾಕಿದ್ದನ್ನೂ, ಎರಡೇ ಕಡೆ ನೋಡಿದ್ದನ್ನೂ ಹೇಳಿ, "ಫಾದರ್, ನಾನು ಅಷ್ಟು ವಿಶ್ವಾಸ ಇಟ್ಟಿದ್ದೆ. ದೇವರು ಯಾಕೆ ಹಿಂಗ್ ಮಾಡಿದ್ರು?" ಎಂದು ಅತ್ತೆ.

ಅವರು ಜಾಲರಿಗೆ ಹತ್ತಿರವಾದರು. "ಅಮ್ಮಾ, ದೇವರ ಮೇಲೆ ವಿಶ್ವಾಸ ಇಟ್ಟಿದ್ರಾ, ಇಲ್ಲ ದೇವರ ಹತ್ರ ನಿಮ್ಮ ಕೆಲಸ ಮಾಡಿಸ್ತಿದ್ರಾ?" ಎಂದರು.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಈಗ ನನ್ನ ಹತ್ರ ಹೇಳ್ಕೊಂಡ್ರಿ. ಇಷ್ಟೆಲ್ಲಾ ತಪ್ಪು ಮಾಡಿ ಇಲ್ಲಿಗೆ ಯಾವ ಧೈರ್ಯದ ಮೇಲೆ ಬಂದ್ರಿ?"

"ಸ್ವಾಮಿ ಕ್ಷಮಿಸ್ತಾರೆ ಅಂತ."

"ನಿಮ್ಮ ಹತ್ರ ತೋರ್ಸೋಕೆ ಏನೂ ಇಲ್ದೇ ಇದ್ರೂ?"

"ಹೂಂ ಫಾದರ್."

"ಅದು ವಿಶ್ವಾಸ ಅಮ್ಮ. ಅದು ನಿಮ್ಮ ಹತ್ರ ಇದೆ." ಆಮೇಲೆ ಪಾಪವಿಮೋಚನೆಯ ಪ್ರಾರ್ಥನೆ ಹೇಳಿದರು. ಪ್ರಾಯಶ್ಚಿತ್ತಕ್ಕೆ ಜಪಸರ ಹೇಳಲು ಹೇಳುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ: "ಕಲ್ಯಕ್ಕೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ?"

ಭಾನುವಾರ ಚರ್ಚಿನ ಬಲಿಪೂಜೆ ಮುಗಿಸಿ ನೇರ ಬಸ್ ಸ್ಟ್ಯಾಂಡಿಗೆ ಹೋದೆ. ಮುಬೀನಾ ಅಲ್ಲಿ ನಿಂತಿದ್ದಳು. ಹೇಗೆ ಗೊತ್ತಾಯಿತೋ. "ನಾನೂ ಬತ್ತೀನಿ. ನೀನು ಬಾಯಿ ಬುಡಲ್ಲ" ಎಂದಳು. ಬೇಡ ಎಂದೆ. ಅವಳು ಬಂದರೆ ಅವಳೇ ಹೇಳಿಬಿಡುತ್ತಾಳೆ, ನನ್ನ ಪ್ರಾಯಶ್ಚಿತ್ತ ಅವಳದಾಗುತ್ತದೆ. ಬಸ್ಸಿನಲ್ಲಿ ಕೂತಾಗ ನನ್ನಲ್ಲಿ ಸಾಸಿವೆಯಷ್ಟೂ ಧೈರ್ಯ ಇರಲಿಲ್ಲ. ಕೈ ನಡುಗುತ್ತಲೇ ಇತ್ತು. ಆದರೂ ಕಂಡಕ್ಟರು "ಕಲ್ಯ, ಕಲ್ಯ" ಎಂದಾಗ ಕಾಲು ಇಳಿಯಿತು.

ಕೆಂಪಮ್ಮನ ಅಂಗಳದಲ್ಲಿ ತೆಂಗಿನ ಸಸಿಗಳು ಸಾಲಾಗಿ ಬಂದು ನಿಂತಿದ್ದವು. ರವಿ ಆಗಲೇ ತಂದಿಟ್ಟಿದ್ದ. ಕೆಂಪಮ್ಮ ಹೊರಗೆ ಬಂದರು.

"ಏನವ್ವ, ನಮ್ಮೂರ್ಗಂಟ ಬಂದ್ಬುಟ್ಟಿದ್ದೀಯ! ಕೂತ್ಕೋ, ಕೂತ್ಕೋ. ಬಿಸ್ಲು. ಮಜ್ಜಿಗೆ ತತ್ತೀನಿ." ಕುಡಿದೆ. "ಇನ್ನೊಂದ್ ಲೋಟ ಕುಡಿ." ಅದನ್ನೂ ಕುಡಿದೆ. ಮೊಮ್ಮಕ್ಕಳ ವಿಷಯ, ಮಳೆಯ ವಿಷಯ, ಸೊಪ್ಪು ಎಷ್ಟು ಚೆನ್ನಾಗಿ ಬಂದಿದೆ ಎಂಬ ವಿಷಯ. ಮೂರನೆಯ ಲೋಟ ಬರುವ ಮುನ್ನ ಹೇಳಿದೆ. "ಅಕ್ಕ, ನಾನ್ ಕೊಟ್ಟ ಮೊಟ್ಟೇಲಿ ಗಂಟುರೋಗ ಐತೆ. ಐದು ಕಡೆ ನೋಡ್ಬೇಕಿತ್ತು, ಎರಡೇ ಕಡೆ ನೋಡ್ದೆ. ನೋಡ್ದೇನೇ ಮುದ್ರೆ ಒತ್ತಿದೀನಿ."

ಕೆಂಪಮ್ಮನ ಮುಖದಲ್ಲಿ ನಗು ಹಾಗೇ ನಿಂತಿತು, ಆಮೇಲೆ ಇಳಿಯಿತು. ಎದ್ದು ಒಳಗೆ ಹೋದರು. ಮಣ್ಣಿನ ಮಡಕೆಯ ಪಕ್ಕ ತಂಪಿನಲ್ಲಿ ಕಪ್ಪು ಬಟ್ಟೆ ಸುತ್ತಿಟ್ಟಿದ್ದ ಹಾಳೆಗಳನ್ನು ತಂದು ನನ್ನ ಮುಂದೆ ಬಿಚ್ಚಿದರು. ಮೊಟ್ಟೆಗಳೆಲ್ಲ ನೀಲಿ ತಿರುಗಿದ್ದವು. ನಾಳೆ ಬೆಳಿಗ್ಗೆ ಒಡೆಯಲು ತಯಾರು.

"ಖಂಡಿತಾನಾ?"

"ಖಂಡಿತ ಅಕ್ಕ. ಮುಬೀನಾನೂ ನೋಡಿದ್ಲು."

"ಥೂ ನಿನ್ನ! ಇದ್ನ ಹೇಳೋಕೆ ಎರಡು ಲೋಟ ಮಜ್ಜಿಗೆ ಕುಡುದ್ಯಾ? ಬಾಗ್ಲಲ್ಲೇ ಹೇಳೋಕೇನಾಗಿತ್ತು?" ಎಂದು ಬೈದರು. ಇನ್ನೂ ಬೈದರು, ಅದನ್ನು ಬರೆಯುವುದಿಲ್ಲ. ಬೈದು ಮುಗಿದ ಮೇಲೆ ಹಾಳೆಗಳನ್ನು ಎಂದಿನಂತೆ ಎರಡು ಕಣ್ಣಿಗೂ ಒತ್ತಿಕೊಂಡು ಒಲೆಗೆ ಇಟ್ಟರು. ಚಟಚಟ ಎಂದು ಸದ್ದಾಯಿತು. ಇಬ್ಬರೂ ಅದನ್ನು ನೋಡುತ್ತಾ ಕೂತೆವು. ನನ್ನ ಸಹಿ ಕೊನೆಗೆ ಉರಿಯಿತು.

ಅಷ್ಟರಲ್ಲಿ ರವಿ ಬಂದ. ಗಟ್ಟಿಮುಟ್ಟು ಹುಡುಗ, ದೊಡ್ಡ ದನಿ. ಒಲೆಯ ಬೂದಿ ನೋಡಿ, ವಿಷಯ ಕೇಳಿ, "ನಾನ್ ಹೇಳ್ಲಿಲ್ವಾ? ಈ ಮನೇಲಿ ಹುಳ ಏಳಲ್ಲ. ನಾಳೆ ಜೆಸಿಬಿ ಕರೀತೀನಿ" ಎಂದ.

ಆಗ ಕೆಂಪಮ್ಮ ಎದ್ದು ನಿಂತರು. "ಲೇ, ಕಿವಿ ಐತೇನ್ಲಾ ನಿಂಗೆ? ಮನೇದಲ್ಲ ಕಣ್ಲಾ ತಪ್ಪು, ಮೊಟ್ಟೇದು. ಕೊಟ್ಟೋಳೇ ಮನೆಗಂಟ ಬಂದು ಹೇಳ್ತಾವ್ಳೆ. ಈಯಮ್ಮ ಬಾಯಿ ಮುಚ್ಕೊಂಡು ಕೂತಿದ್ರೆ ಹುಳ ಸಾಯ್ತಿದ್ವು, ನೀನು ಮನೆ ದೃಷ್ಟಿ ಅಂತಿದ್ದೆ, ನಾನೂ ಹೂಂ ಅಂತಿದ್ದೆ, ನಿಮ್ಮಪ್ಪ ನೆಟ್ಟ ತೋಟ ಹೋಗ್ತಿತ್ತು. ಹೋದ್ ಸಲದ ಬೆಳೆ ಯಾಕ್ ಹೋಯ್ತು ಅಂತ ಯಾರಾದ್ರೂ ಬಂದು ಹೇಳಿದ್ರಾ? ಇದು ಗೊತ್ತಾಯ್ತಲ್ಲ. ಇನ್ನೊಂದು ಬೆಳೆ ಇಡ್ತೀನಿ. ಸಸೀಗೆ ನೀರ್ ಹಾಕು, ಹೋಗು."

ರವಿ ನನ್ನ ಕಡೆ ಒಮ್ಮೆ ನೋಡಿ, ಬಿಂದಿಗೆ ಎತ್ತಿಕೊಂಡು ಹೋದ.

ವಾಪಸು ಬರುವ ಬಸ್ಸಿನಲ್ಲಿ ಕೂತು ಫಾದರ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದೆ. ನನ್ನ ಮೊಟ್ಟೆಗೆ ರೋಗ ಬರಗೊಡುವುದಿಲ್ಲ ಎಂದು ದೇವರನ್ನು ನಂಬಿದ್ದೆನಲ್ಲ, ಅದೂ ರೈತರ ಕೈಗುಣದ ಲೆಕ್ಕವೇ, ನಾನು ಅದಕ್ಕೆ ಶಿಲುಬೆ ಎಂಬ ಹೆಸರು ಕೊಟ್ಟಿದ್ದೆ ಅಷ್ಟೇ. ಸುಳ್ಳು ಮುದ್ರೆ ಒತ್ತಿದವಳನ್ನೂ ಆತ ಆಚೆಗೆ ತಳ್ಳುವುದಿಲ್ಲ ಎಂದು ನಂಬಿದ ಮೇಲೇ ನನ್ನ ಕಾಲು ಕಲ್ಯಕ್ಕೆ ನಡೆದಿದ್ದು. ಕೈ ನಡುಗುವುದಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲ ಮಗಳೇ. ನನ್ನ ಕೈ ಸ್ವಲ್ಪವೂ ನಡುಗದ ದಿನವೇ ನಾನು ಎರಡು ಕಡೆ ನೋಡಿ ಬಿಟ್ಟದ್ದು.

ಮುಂದಿನ ಕಂತಿಗೆ ಕೆಂಪಮ್ಮ ಕಿಟಕಿಗೆ ಬಂದರು. ಜನ ತುಂಬಿದ್ದರು. ನಾನು ಒಳಗೆ ಸರಿದೆ. "ನನ್ ಮೊಟ್ಟೆ ಲೂರ್ದಮ್ಮನೇ ಕೊಡ್ಬೇಕು" ಎಂದರು, ಇಡೀ ಹಜಾರಕ್ಕೆ ಕೇಳುವಂತೆ.

ಶಿವಣ್ಣನವರಿಗೆ ತಡೆಯಲಾಗಲಿಲ್ಲ. "ಅಲ್ಲ ಕೆಂಪಕ್ಕ, ಅಷ್ಟೆಲ್ಲಾ ಆದ್ಮೇಲೂ ಅವ್ಳ ಹತ್ರಾನೇ ಯಾಕೆ?"

"ಕೆಟ್ರೆ ಬಂದು ಹೇಳೋಳು ಇವ್ಳೊಬ್ಳೇ ಸಾಮಿ. ಮಿಕ್ಕೋರ್ ಮೊಟ್ಟೆ ಕೆಟ್ರೆ ನಾನ್ ಯಾರ್ನ ಕೇಳ್ಲಿ?" ಎಂದರು. ಕ್ಯೂನಲ್ಲಿದ್ದವರಿಗೆ "ಕೆಟ್ಟಿದ್ದು" ಏನೆಂದು ತಿಳಿಯುವ ಕುತೂಹಲ. ಅವರಿಗೂ ಕೆಂಪಮ್ಮನೇ ವಿವರವಾಗಿ ಹೇಳಿದರು, ಮಜ್ಜಿಗೆಯ ಲೋಟದ ಲೆಕ್ಕ ಸಮೇತ. ಶಿವಣ್ಣನವರು ಹೆದರಿದಂತೆ ಯಾರೂ ಕಿಟಕಿ ಬಿಟ್ಟು ಹೋಗಲಿಲ್ಲ. ಒಬ್ಬರು ಮಾತ್ರ ಹಾಳೆ ಹಿಂದಕ್ಕೆ ಕೊಟ್ಟು ಹೋದರು. ಅದು ಅವರ ಹಕ್ಕು. ಆಮೇಲೆ ಅವರೂ ಬಂದರು.

ಶಿಲುಬೆಯ ಗುರುತು ಹಾಕುವುದನ್ನು ನಾನು ಬಿಡಲಿಲ್ಲ. ಅದರ ಜಾಗ ಮಾತ್ರ ಬದಲಾಯಿತು. ಮೊದಲು ನಾಲ್ಕು ಮೂಲೆ, ಆಮೇಲೆ ನಡು, ಎದ್ದು ಒಂದು ಲೋಟ ನೀರು ಕುಡಿದು ಬಂದು ಮತ್ತೆ ನಾಲ್ಕು ಮೂಲೆ, ನಡು. ಅಷ್ಟಾದ ಮೇಲೆ ಶಿಲುಬೆ ಹಾಕಿ, ನನಗೆ ಕಾಣದ್ದೇನಾದರೂ ಉಳಿದಿದ್ದರೆ ಬಸ್ಸು ಹತ್ತುವ ಶಕ್ತಿ ಕೊಡು ಎಂದು ಕೇಳಿಕೊಳ್ಳುವುದು. ಆಮೇಲೆ ಒಂದು ಏಟು. ಹೊಸದಾಗಿ ಕೆಲಸಕ್ಕೆ ಬಂದವರಿಗೆ, ಯಾವ ಧರ್ಮದವರಾದರೂ, ಐದು ಕಡೆಯನ್ನು ಕಲಿಸಿದೆ. ಶಿಲುಬೆಯನ್ನು ಕಲಿಸಲು ಹೋಗಲಿಲ್ಲ. ಮುಬೀನಾ ತನ್ನ ರೀತಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು, ಅವಳೂ ನೋಡಿದ ಮೇಲೆಯೇ.

ಈ ವರ್ಷ ಈಸ್ಟರ್ ಹಬ್ಬ ಕಳೆದ ಮೇಲೆ ಕಲ್ಯಕ್ಕೆ ಹೋಗಿದ್ದೆ. ಕೆಂಪಮ್ಮನಿಗೆ ಈಗ ಕಣ್ಣು ಮಂಜು, ನಾಲಿಗೆ ಮಾತ್ರ ಹಳೆಯದೇ. ಸೊಪ್ಪಿನ ತೋಟ ಹಾಗೇ ಇದೆ. ಅಂದಿನ ತೆಂಗಿನ ಸಸಿಗಳು ಬೇಲಿಯ ಸಾಲಿನಲ್ಲಿ ಎತ್ತರಕ್ಕೆ ಬೆಳೆದಿವೆ. ಹುಳ ಮೂರನೆಯ ಜ್ವರಕ್ಕೆ ಕೂತಿದ್ದವು, ಅಂದರೆ ಮೇವು ಬಿಟ್ಟು ತಲೆಯೆತ್ತಿ 'ಧ್ಯಾನ' ಮಾಡುವ ಹೊತ್ತು. ರವಿ ತಟ್ಟೆಗಳನ್ನು ತೋರಿಸಿದ. ಅವನ ತಲೆಯೂ ನರೆತಿದೆ. ಹುಳದ ಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಕೇಳಿದ:

"ಅಮ್ಮಾ, ಬಾಳ ದಿನದಿಂದ ಕೇಳ್ಬೇಕು ಅಂತಿದ್ದೆ. ಅವತ್ತು ಮೂರು ಸಲ ಫೋನ್ ಮಾಡಿ ಮಾತಾಡ್ದೆ ಇಟ್ಬುಟ್ಟೋರು ನೀವೇನಾ?"

ಒಳಗಿನಿಂದ ಕೆಂಪಮ್ಮ, "ಏನ್ಲಾ ಅದು?" ಎಂದರು.

ಹದಿನೈದು ವರ್ಷ ಯಾರಿಗೂ ಹೇಳಿರಲಿಲ್ಲ. ಫಾದರಿಗೂ ಹೇಳಿರಲಿಲ್ಲ.

"ಹೂಂ ಕಣಪ್ಪ, ನಾನೇ" ಎಂದೆ.

ಕೆಂಪಮ್ಮ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಸೆರಗಿನಲ್ಲಿ ಒರೆಸಿಕೊಂಡು, ಸೊಸೆಯನ್ನು ಕೂಗಿದರು: "ಇವ್ಳಿಗೆ ಮಜ್ಜಿಗೆ ಕೊಡ್ರೇ! ಇನ್ನೂ ಏನೇನ್ ಬಚ್ಚಿಟ್ಟವ್ಳೋ ಎರಡು ಲೋಟ ಕುಡುದ್ರೆ ಗೊತ್ತಾಯ್ತದೆ!"